ಸೋತವನಿಗೆ ಕೋಟು, ಗೆದ್ದವನಿಗೆ ಪಂಚೆ

"ಅಲ್ಲಾ ಅಕ್ಕಾ, ಸೋತವನಿಗೆ ಕೋಟು, ಗೆದ್ದವನಿಗೆ ಬರೀ ಪಂಚೆನಾ?"

ಪುಲಕೇಶಿ ಪಾತ್ರದ ಹುಡುಗನ ಅಮ್ಮ ರಿಹರ್ಸಲ್ಲಿನಲ್ಲಿ ಎಲ್ಲರ ಮುಂದೆ ಹೀಗೆ ಕೇಳಿದರು. ಆಮೇಲೆ ವಾರವಿಡೀ ಪಾತ್ರೆ ತೊಳೆಯುವಾಗ, ಸೂಜಿಗೆ ದಾರ ಪೋಣಿಸುವಾಗ ಅದೇ ಮಾತು ಕಿವಿಯಲ್ಲಿ.

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ. ಇಮ್ಮಡಿ ಪುಲಕೇಶಿ ನರ್ಮದೆಯ ದಡದಲ್ಲಿ ಉತ್ತರದ ರಾಜ ಹರ್ಷನನ್ನು ತಡೆದ ಕಥೆ. ಮನೆಯಲ್ಲಿ ಹೊಲಿಗೆ ಮಷಿನ್ ಇದೆ ಅನ್ನೋ ತಪ್ಪಿಗೆ ವೇಷಭೂಷಣ ನನ್ನ ತಲೆಗೆ ಬಂತು. ಐಹೊಳೆ ಶಾಸನದಲ್ಲಿ (ಕ್ರಿ.ಶ. 634) ಯುದ್ಧದ ಸುದ್ದಿ ಸಿಗುತ್ತದೆ, ದರ್ಜಿಗೆ ಬೇಕಾದ ಅಳತೆ ಸಿಗುವುದಿಲ್ಲ. ಅದಕ್ಕೇ ಬಾದಾಮಿಯ ಮೂರನೇ ಗುಹೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಕೂತೆ. ಪುಲಕೇಶಿಯ ಚಿಕ್ಕಪ್ಪ ಮಂಗಳೇಶ 578ರಲ್ಲಿ ಮಾಡಿಸಿದ್ದು ಅದು. ಅಲ್ಲಿನ ಶಿಲ್ಪಗಳಲ್ಲಿ ಬಟ್ಟೆ ಎಷ್ಟು ತೆಳು ಅಂದರೆ, ಅಂಚಿನ ಗೀಟು ನೋಡಿಯೇ ಅಲ್ಲೊಂದು ಬಟ್ಟೆ ಇದೆ ಅಂತ ತಿಳಿಯಬೇಕು. ಸೊಂಟದ ಮೇಲೆ ಹಾರ, ತೋಳಬಂದಿ, ಕಿರೀಟ. ಅಂಗಿಯ ಸುಳಿವೇ ಇಲ್ಲ.

ಹರ್ಷನ ಕಡೆ ಹಾಗಲ್ಲ. ಅವನ ಆಸ್ಥಾನದ ಬಾಣಭಟ್ಟ ರಾಜರ ಉಡುಪು ಬಣ್ಣಿಸುವಾಗ ಕಂಚುಕ, ವಾರಬಾಣ, ಚೀನಚೋಲಕ, ಕೂರ್ಪಾಸಕ ಅಂತ ಹೊಲಿದ ಬಟ್ಟೆಗಳನ್ನೇ ಸಾಲಾಗಿ ಹೇಳುತ್ತಾನೆ. ಇಬ್ಬರ ನಾಡನ್ನೂ ನೋಡಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ, ಈ ದೇಶದವರ ಬಟ್ಟೆಗೆ ಕತ್ತರಿ, ಹೊಲಿಗೆ ಇಲ್ಲ, ಚಳಿ ಇರುವ ಉತ್ತರದ ಕಡೆ ಮಾತ್ರ ಮೈಗಂಟುವ ಉಡುಪು ಅಂತ ಬರೆದಿದ್ದಾನೆ. ಹಾಗಾಗಿ ಹರ್ಷನಿಗೆ ಹತ್ತಿ ತುಂಬಿದ ಕೋಟು, ಪುಲಕೇಶಿಗೆ ಕಚ್ಚೆ ಪಂಚೆ. ನನ್ನ ಲೆಕ್ಕ ಇಷ್ಟೇ.

ಕೋಟು ಸಲೀಸಾಗಿ ಆಯಿತು. ಜೀವ ತಿಂದದ್ದು ಪಂಚೆ. ಯುದ್ಧದ ನಡುವೆ ಅದು ಜಾರಿದರೆ ಚಾಲುಕ್ಯರ ಮಾನ ಏನಾಗಬೇಕು? ಕೋರಾ ಬಟ್ಟೆ ತೊಳೆದು ಗಂಜಿ ತೆಗೆದೆ. ನಿರಿಗೆ ಹಿಡಿದು, ಇಸ್ತ್ರಿ ಹಾಕಿ, ಪಿನ್ನು ಚುಚ್ಚಿ, ಮೇಲೆ ಪಟ್ಟಿ ಕೊಟ್ಟು ಲಾಡಿ ಪೋಣಿಸಿದೆ. ಕಚ್ಚೆಯನ್ನು ಹಿಂದೆ ಸಿಕ್ಕಿಸುವ ಕಡೆ ಕೈಹೊಲಿಗೆ, ಅದೂ ಕಾಣದ ಹಾಗೆ. ಹೊಲಿಗೆಯೇ ಇಲ್ಲ ಅನ್ನಿಸೋಕೆ ಎಷ್ಟೊಂದು ಹೊಲಿಗೆ ನೋಡಿ! ಇಷ್ಟೆಲ್ಲ ಆದಮೇಲೆ "ಬರೀ ಪಂಚೆನಾ" ಅಂದರೆ ಉರಿಯಲ್ವಾ?

ಆಯಮ್ಮ ಕೆಟ್ಟವರೇನಲ್ಲ. ಮಗನ ಫೋಟೋ ಸ್ಟೇಟಸ್ಸಿಗೆ ಹಾಕುವ ಆತುರ ಸ್ವಲ್ಪ ಜಾಸ್ತಿ, ಅಷ್ಟೇ. ಅವರ ಕಣ್ಣಲ್ಲಿ ರಾಜ ಅಂದರೆ ಮಖಮಲ್ ಅಂಗಿ, ಜರಿ, ಹಿಂದೆ ಇಳಿಬಿಟ್ಟ ಕೆಂಪು ಶಲ್ಯ. ಅದು ಬಾದಾಮಿಯಿಂದ ಬಂದದ್ದಲ್ಲ, ಕಂಪನಿ ನಾಟಕದ ಪೆಟ್ಟಿಗೆಯಿಂದ ಬಂದದ್ದು. ಆಮೇಲೆ ಸಿನಿಮಾ, ಧಾರಾವಾಹಿ ಎಲ್ಲವೂ ಅದನ್ನೇ ಹಾಕಿಕೊಂಡವು. ಅಜಂತಾದ ಒಂದನೇ ಗುಹೆಯ ಚಿತ್ರಗಳನ್ನು ನೋಡಿದರೆ ಇನ್ನೂ ಮಜಾ. ತುಂಬು ತೋಳಿನ ಅಂಗಿ ತೊಟ್ಟವರು ಸೇವಕರು, ಪರದೇಶದವರು. ರಾಜ ಮುತ್ತಿನ ಸರ ಹಾಕಿಕೊಂಡು ಬರಿಮೈಯಲ್ಲಿ ಕೂತಿದ್ದಾನೆ. ಅಂದರೆ ಅಂಗಿ ಇಲ್ಲದ್ದು ಬಡತನವಲ್ಲ, ಬರಿಮೈ ನಾಚಿಕೆಯೂ ಅಲ್ಲ. ಮೈ ಮುಚ್ಚಿದಷ್ಟೂ ಮರ್ಯಾದೆ ಅನ್ನೋ ಲೆಕ್ಕ ನಮಗೆ ಯಾವಾಗ ಶುರುವಾಯಿತೋ! ಇವತ್ತು ಮದುವೆಮನೆಯಲ್ಲಿ ಗಂಡು ಬಿಸಿಲಲ್ಲಿ ಶೇರ್ವಾನಿಯೊಳಗೆ ಬೇಯುತ್ತಾನೆ, ಪಂಚೆ ಉಟ್ಟ ಅಡುಗೆಭಟ್ಟರು ಆರಾಮಾಗಿ ಓಡಾಡುತ್ತಾರೆ.

ಆದರೆ ಇದನ್ನೆಲ್ಲ ಆ ಹುಡುಗನಿಗೆ ಹೇಳಿ ಏನು ಪ್ರಯೋಜನ? ಸಣಕಲು ಮೈ. ಶರ್ಟು ಬಿಚ್ಚು ಅಂದಾಗ ಎರಡೂ ಕೈ ಎದೆಗೆ ಕಟ್ಟಿಕೊಂಡ. ಎದುರಿಗೆ ಗೆಳೆಯರೆಲ್ಲ ಫೋನು ಹಿಡಿದು ನಿಂತಿರುವಾಗ, ಏಳನೇ ಶತಮಾನದಲ್ಲಿ ಹೀಗೇ ಇತ್ತು ಕಣೋ ಅಂದರೆ ಸಮಾಧಾನ ಆಗುತ್ತದಾ? ಅವನ ಅಮ್ಮ ಕೋಟು ಕೇಳಿದ್ದು ಫೋಟೋಗೆ ಮಾತ್ರ ಅಲ್ಲವೇನೋ.

ಕೊನೆಗೆ ಮೈಬಣ್ಣದ ಬನಿಯನ್ ಬಂತು. ಅದರ ಮೇಲೆ ಮುತ್ತಿನ ಸರ, ರಟ್ಟಿನ ತೋಳಬಂದಿ, ಅಡ್ಡಕ್ಕೊಂದು ಉತ್ತರೀಯ. ದೂರದಿಂದ ಗೊತ್ತಾಗಲಿಲ್ಲ. ಹರ್ಷ ಮಾತ್ರ ದೀಪದ ಬಿಸಿಗೆ ಕೋಟಿನೊಳಗೆ ಬೆವೆತು, ನರ್ಮದೆ ಸಿಗುವ ಮೊದಲೇ ಅರ್ಧ ಸೋತಿದ್ದ.

ನಾಟಕ ಮುಗಿದಮೇಲೆ ಆ ಕೋಟು ಯಾರಿಗೂ ಬೇಡವಾಯಿತು. ಪಂಚೆಯನ್ನು ಪುಲಕೇಶಿಯ ಅಮ್ಮನೇ ಕೇಳಿ ಇಸ್ಕೊಂಡರು. ಲಾಡಿ ಇರೋದರಿಂದ ಸಂಕ್ರಾಂತಿಗೆ ಉಡಿಸೋದು ಸುಲಭವಂತೆ.