ಕನಾ ಒಂಬತ್ತು ಟಕ: ಕತಿ ಹಾಳಿಗೆ ಮೂರು ವರ್ಷ, ಅರ್ಕಾವತ್ತಿಗೆ ಮೂರು ವಾರ

ಬುಧವಾರ ರಾತ್ರಿ ಒಂದೂವರಿಗೆ ಅರ್ಕಾವತ್ತು (ಕರ್ನಾಟಕ ಅನ್ನೋದರ ನಡುವ ಬರೋ ರ್ ಗುರುತು) ತನ್ನ ಜಾಗಕ್ಕ ಬಂದು ಕುಂತೈತ್ರಿ. ಮೂರು ವಾರ ಆಗಿತ್ತು ಇದರ ಹಿಂದ ಬಿದ್ದು. ಮನ್ಯಾಗ ಎಲ್ಲಾರೂ ಮಲಗಿದ್ರು, ನಾನು ಫೋನ್ ಕಿವಿಗೆ ಹಚ್ಚಿಕೊಂಡು ಮೊದಲನೇ ವರ್ಷದ ಏಳನೇ ಕತಿ ಓದಾಕ ಹಚ್ಚಿದೆ, ಮಷೀನಿನ ದನಿ "ಕರ್ನಾಟಕ" ಅಂತು. ಆ ಕತಿಯೊಳಗ ಹನ್ನೊಂದು ಸಲ ಬರ್ತೈತಿ ಆ ಪದ, ಹನ್ನೊಂದೂ ಸಲ ಸರಿ ಅಂತು. ಎದ್ದು ನೀರು ಕುಡದು ಬಂದು ಇನ್ನೊಮ್ಮೆ ಕೇಳಿದೆ.

ಜುಲೈ 1ಕ್ಕ ನಮ್ಮ ಕತಿ ಹಾಳಿಗೆ ಮೂರು ವರ್ಷ ತುಂಬತಾವು. ತಿಂಗಳಿಗೊಂದು ಎ3 ಹಾಳಿ, ನಡುವ ಮಡಚಿದ್ರ ನಾಕು ಪುಟ, ನಾಕೂ ಪುಟಕ್ಕ ಒಂದ ಕತಿ, ಜಾಹೀರಾತಿಲ್ಲ, ಅನುದಾನ ಇಲ್ಲ, ಮುನ್ನೂರು ಪ್ರತಿ ಅಚ್ಚು, ಉಳಿದವರಿಗೆ ಫೋನಿಗೆ ಇ-ಪಬ್ ಫೈಲು. 36 ಕತಿ ಆದ್ವು, ಒಂದು ತಿಂಗಳೂ ತಪ್ಪಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋತಲ್ಲ, ನಮ್ಮ ಬರಿಯೋರೊಳಗ ಅರ್ಧ ಮಂದಿ ಹೊಳಿ ದಂಡಿಯವರು, ಇಲ್ಲಾಂದ್ರ ಕಾಲುವಿ ನೀರಿನ ಮ್ಯಾಲೆ ಭತ್ತ ಹಚ್ಚಿದವರು, ಆ ವಾರ ಯಾರಿಗೂ ಕತಿ ಮ್ಯಾಲೆ ಲಕ್ಷ್ಯ ಇರಲಿಲ್ಲ, ಆದ್ರೂ ಹಾಳಿ ಹೊಂಟಿತ್ತು, ಕಾರಟಗಿ ಅಕ್ಕ ಬಂಡ್ ಮ್ಯಾಲೆ ನಿಂತು ನೀರು ನೋಡ್ಕೋತ ಫೋನಿನ್ಯಾಗ ಪ್ರೂಫ್ ತಿದ್ದಿ ಕಳಿಸಿದ್ರು.

ಜುಲೈ 1 ಹುಡುಕಿ ಇಟ್ಟ ತಾರೀಖು. 1843ರ ಆ ದಿನ ಮಂಗಳೂರಾಗ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದ್ರು, ಕನ್ನಡದ ಮೊದಲನೇ ಪತ್ರಿಕೆ, ಕಲ್ಲಚ್ಚಿನ್ಯಾಗ. ಇಷ್ಟು ಎಲ್ಲಾರಿಗೂ ಗೊತ್ತು. ಅದು ಮರುವರ್ಷ 1844ಕ್ಕ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಅನ್ನೋ ಹೆಸರಿಂದ ಹೊಂಟಿತ್ತು ಅನ್ನೋದನ್ನ ನಮ್ಮ ಕಡೆಯವರ ಮರ್ತಾರ. ನನಗ ಆ ಸಂಗತಿ ತಿಳಿದ ದಿನ ನಿದ್ದಿ ಬರಲಿಲ್ಲ. ಕನ್ನಡದ ಮೊದಲನೇ ಪತ್ರಿಕೆ ಉಸಿರು ಹಿಡಿಯಾಕ ನಮ್ಮ ಬಳ್ಳಾರಿಗೆ ಬಂದಿತ್ತು ಅಂದ್ರ, ಕೊಪ್ಪಳದಾಗ ಒಂದು ಹಾಳಿ ಯಾಕ ನಡೀಬಾರದು ಅಂತ ಅವತ್ತ ಲೆಕ್ಕ ಹಾಕಿದ್ದೆ.

ವಾರ್ಷಿಕಕ್ಕ ಈ ಸಲ ಪುಸ್ತಕ. 36ರೊಳಗ 12 ಕತಿ, ಡೆಮಿ 1/8 ಅಳತಿ, 96 ಪುಟ. ಆಯ್ಕಿ, ಪುಟ ಕಟ್ಟೋದು, ರಕ್ಷಾಪುಟ ಇವೆಲ್ಲಾ ಬಿಡ್ರಿ. ನಾನು ಹೇಳಾಕ ಹೊಂಟಿದ್ದು ಒಂದ ಫೋನ್ ಕರೆ ಬಗ್ಗೆ, ಅದರಿಂದ ಎದ್ದ ಗದ್ದಲದ ಬಗ್ಗೆ.

ಗಂಗಾವತಿಯಾಗ ನಮ್ಮ ಹಾಳಿಗೆ ಒಬ್ರು ಓದುಗರದಾರ, ರಿಟೈರ್ಡ್ ಹಾರ್ಮೋನಿಯಂ ಮಾಸ್ತರು, ಕಣ್ಣು ಕಾಣಂಗಿಲ್ಲ, ಇ-ಪಬ್ ಫೈಲ್ ಫೋನಿಗೆ ಹಾಕಿಕೊಂಡು ಅದರಿಂದ ಓದಿಸಿ ಕೇಳ್ತಾರ. ಪುಸ್ತಕದ ಕರಡು ಕಳಿಸಿದ್ದೆ. ಎರಡು ದಿನ ಬಿಟ್ಟು ಫೋನ್ ಮಾಡಿ, "ಕತಿ ಚೊಲೋ ಅದಾವು, ಆದ್ರ ನಿಮ್ಮ ಮಂದಿ ಭಾಳ ಲೆಕ್ಕ ಮಾಡ್ತಾರಲ್ರಿ" ಅಂದ್ರು. ಏನ್ರಿ ಅಂದೆ. ಫೋನಿನ ದನಿ ನನಗ ಕೇಳಿಸಿದ್ರು. "ಅವ ಬ ಸೊನ್ನೆ ದಾನ. ಕನಾ ಒಂಬತ್ತು ಟಕದ ಬಸ್ಸು ಹೋತು." ನನ್ನ ಎದಿ ಧಸಕ್ಕಂತು. ಮೂರು ವರ್ಷ ಹಿಂಗ ಕೇಳೀರೇನ್ರಿ, ಮೊದಲ ಯಾಕ ಹೇಳಲಿಲ್ಲ ಅಂದ್ರ, "ಮನಸಿನ್ಯಾಗ ತಿದ್ದಿಕೋತಿದ್ದೆ, ಪೆಟ್ಟಿಗಿಯಾಗ ಒಂದು ಮನಿ ಕೆಟ್ಟಿದ್ರೂ ಹಾಡು ಗೊತ್ತಾಗತೈತಲ್ಲ" ಅಂದ್ರು.

ರೋಗ ಏನಂದ್ರ, ಫೋನಿನ್ಯಾಗ ಟೈಪ್ ಮಾಡೋ ಮಂದಿ ಅನುಸ್ವಾರ ಸಿಗಲಿಲ್ಲಂದ್ರ ಕನ್ನಡದ ಸೊನ್ನಿ ಒತ್ತತಾರ. ಬಂದಾನ ಅನ್ನೋದು ಬ೦ದಾನ ಆಗತೈತಿ. ಕಣ್ಣಿಗೆ ಎರಡೂ ಒಂದ. ಯೂನಿಕೋಡಿನ್ಯಾಗ (ಕಂಪ್ಯೂಟರಿಗೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡೋ ಪಟ್ಟಿ) ಅನುಸ್ವಾರದ ನಂಬರು 0ಸಿ82, ಸೊನ್ನಿದು 0ಸಿಇ6, ಮಷೀನಿಗೆ ಅವು ಸಂಬಂಧ ಇಲ್ಲದ ಎರಡು ಜೀವ. ಹಂಗ ಅರ್ಕಾವತ್ತು ಹೆಂಗ ತರೋದು ಗೊತ್ತಾಗದ ಒಂಬತ್ತು ಹಾಕ್ತಾರ, ಕನಾ೯ಟಕ. ಅಂಗಡಿ ಬೋರ್ಡಿನ ಮ್ಯಾಲೂ ನೋಡಿರ್ತೀರಿ. ಅಚ್ಚಾದ ಹಾಳಿಯಾಗ ನಮಗ್ಯಾರಿಗೂ ಮೂರು ವರ್ಷ ಇದು ಕಾಣಲೇ ಇಲ್ಲ, ಕಿವಿಯಿಂದ ಓದೋ ಒಬ್ಬರಿಗೆ ಪ್ರತಿ ಪುಟಕ್ಕೂ ಕಾಣ್ತಿತ್ತು.

ಸೊನ್ನಿ ಸಲೀಸು ಅಂತ ಮೊದಲ ಅದಕ್ಕ ಕೈ ಹಾಕಿದೆ. ಎಲ್ಲಾ ಸೊನ್ನಿ ಹೋಗಿ ಅನುಸ್ವಾರ ಬರ್ಲಿ ಅಂತ ಒಂದ ಏಟಿಗೆ ಬದಲಿ ಮಾಡಿದ್ರ ೨೦೧೨ನೇ ಇಸ್ವಿ ೨ಂ೧೨ ಆತು. ಸರಿ, ಅಕ್ಷರದ ಮುಂದಿರೋ ಸೊನ್ನಿ ಅಷ್ಟ ಬದಲಿಸು ಅಂತ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಾಗ ನಿಯಮ ಬರದೆ. ನಮ್ಮ ಸಿಂಧನೂರಿನ ಲಾರಿ ಡ್ರೈವರಣ್ಣನ ಕತಿಯೊಳಗ ಗಾಡಿ ನಂಬರು ಕೆಎ ೩೭ ಎ೦೪೧೧ ಅಂತ ಇತ್ತು, ಅದು ಎಂ೪೧೧ ಆಗಿ ಕುಂತಿತ್ತು. ಆ ನಂಬರಿನ ಮ್ಯಾಲ ಕತಿ ನಿಂತೈತಿ, ಕಡೀ ಸಾಲಿನ್ಯಾಗ ಆ ನಂಬರ್ ಓದಿ ಹೆಂಗಸು ಕುಸೀತಾಳ, ಅದು ತಪ್ಪಿದ್ರ ಕತಿ ಸತ್ತಂಗ. ಅದಕ್ಕ ಮತ್ತೊಂದು ಕೊಂಡಿ ಸೇರಿಸಿದೆ: ಹಿಂದ ಅಕ್ಷರ ಇರಬೇಕು, ಮುಂದ ಅಂಕಿ ಇರಬಾರದು. ಸೊನ್ನಿ ಕತಿ ಮುಗೀತು ಅಂತ ಆರಾಮಾದೆ. ಈ ಕೊಂಡಿ ನೆನಪಿನ್ಯಾಗ ಇಟ್ಕೋರಿ, ಕಡಿಗೆ ಬರ್ತೈತಿ.

ಖರೇ ಗಂಟು ಅರ್ಕಾವತ್ತು. ಮೊದಲನೇ ವರ್ಷದ ಕತಿ ನಾವು ಹಳೇ ನುಡಿ ಫಾಂಟಿನ್ಯಾಗ ಕೂಡಿಸಿದ್ವು. ಆ ಕಾಲದ ಫಾಂಟಿನ ಒಳಗ ಕನ್ನಡ ಇರಂಗಿಲ್ಲ, ರೋಮನ್ ಅಕ್ಷರದ ಮನಿಯೊಳಗ ಕನ್ನಡದ ಆಕಾರ ಬಾಡಿಗಿಗೆ ಇರ್ತಾವು, ಫಾಂಟ್ ತಗದ್ರ ಟೋಪಿ ಹಾಕಿದ ರೋಮನ್ ಅಕ್ಷರ ಸಾಲುಗಟ್ಟಿ ನಿಂತಿರ್ತಾವು. ಅದನ್ನ ಒಂದು ಪರಿವರ್ತಕಕ್ಕ ಹಾಕಿ ಯೂನಿಕೋಡ್ ಮಾಡಿದ್ವಿ. ಸೂರ್ಯ, ಮಾರ್ಗ, ಕರ್ಮ ಎಲ್ಲಾ ಸರಿ ಬಂದ್ವು. ಸಾಮರ್ಥ್ಯ ಮಾತ್ರ ಸಾಮಥ್ರ್ಯ ಆತು, ಈರ್ಷ್ಯೆ ಈಷ್ರ್ಯೆ ಆತು, ಮರ್ತ್ಯ ಮತ್ರ್ಯ ಆತು. ಪೇಪರಿನವರ ಸುದ್ದಿಯೊಳಗೂ ಈ ಸಾಮಥ್ರ್ಯ ದಿನಾ ಕಾಣತೈತಿ, ಮಂದಿ ರೂಢಿ ಮಾಡಿಕೊಂಡು ಬಿಟ್ಟಾರ, ನನಗ ರೂಢಿ ಆಗಂಗಿಲ್ಲ.

ಥ್ರ್ಯ ಇದ್ದಲ್ಲಿ ರ್ಥ್ಯ ಮಾಡಿದ್ರ ಆತು ಅಂತ ವ್ಯಂಜನ, ರಕಾರ, ವ್ಯಂಜನ ಈ ಮಾದರಿ ಹಿಡದು ಅದಲು ಬದಲು ಮಾಡೋ ನಿಯಮ ಬರದೆ. ಸಾಮರ್ಥ್ಯ ಬಂತು, ಸ್ವಾತಂತ್ರ್ಯ ಹೋತು. ಖರೇನ ಹೋತ್ರಿ, ಸ್ವಾತಂರ್ತ್ಯ ಅಂತ ಆತು. ದಾರಿದ್ರ್ಯನೂ ದಾರಿರ್ದ್ಯ ಆತು. ಆ ಪದಗಳೊಳಗ ರಕಾರ ಹುಟ್ಟಿನಿಂದ ಅಲ್ಲೇ ಇರೋದು, ಸಾಮರ್ಥ್ಯದಂಥ ಪದದೊಳಗ ಪರಿವರ್ತಕ ತಂದು ತುರುಕಿದ್ದು, ಬೇರೆ ಮಾಡೋದು ಹೆಂಗ? ಹತ್ತು ದಿನ ಇದರೊಳಗ ಹೋದ್ವು. ಅಪವಾದದ ಪಟ್ಟಿ ಬರೀತ ಹೋದೆ, ಬೆಳೀತ ಹೋತು.

ಗಂಟು ಬಿಚ್ಚಿದ್ದು ನಮ್ಮ ತಿಂಗಳ ಕೂಟದಾಗ. ಎರಡನೇ ಭಾನುವಾರ ಮುಂಜಾನಿ ಕೂಡ್ತೀವಿ, ಗವಿಮಠದ ಕೆರಿ ಕಡೆ ಒಬ್ಬರ ಮನಿ ಮಾಳಿಗಿ ಮ್ಯಾಲೆ, ಹನ್ನೊಂದರಿಂದ ಹದಿನೈದು ಮಂದಿ, ಮೊದಲ ವಗ್ಗರಣಿ ಮಿರ್ಚಿ, ಆಮ್ಯಾಲೆ ಕತಿ. ಬರದವರು ಓದಂಗಿಲ್ಲ, ಬ್ಯಾರೇದವರು ಓದಬೇಕು, ಬರದವರು ಬಾಯಿ ಮುಚ್ಚಿಕೊಂಡು ಕುಂದರಬೇಕು, ಇದೊಂದ ನಮ್ಮ ಕಾನೂನು. ಓದೋರು ಎಲ್ಲಿ ತಡವರಸ್ತಾರೋ ಅಲ್ಲಿ ಪೆನ್ಸಿಲ್ ಗೀಟು. ಈ ಕೂಟಕ್ಕ ಬಳ್ಳಾರಿಯಿಂದ ಒಬ್ರು ಹಿರೇರು ಮುಂಜಾನಿ ರೈಲಿಗೆ ಬರ್ತಾರ, ಮೂವತ್ತು ವರ್ಷ ಅಚ್ಚಿಗೆ ಸೀಸದ ಅಕ್ಷರದ ಮೊಳಿ ಜೋಡಿಸಿದ ಕೈ ಅದು, ಬೆರಳ ತುದಿ ಇನ್ನೂ ಒರಟು ಅದಾವು. ಬರದಿದ್ದು ಮೂರ ಕತಿ, ಮೂರೂ ಹೊತ್ತಿಗಿಯೊಳಗ ಅದಾವು.

ನನ್ನ ಗೋಳು ಕೇಳಿ ಅವರು ಒಂದು ಮಿರ್ಚಿ ತಟ್ಟಿಯಿಂದ ತಗದು, "ಇದು ಥ" ಅಂತ ಪೇಪರ್ ಮ್ಯಾಲೆ ಇಟ್ರು. ಅದರ ಕೆಳಗ ಒಂದು ಹಸಿಮೆಣಸಿನಕಾಯಿ, "ಇದು ಯ ಒತ್ತು". ಬಲಗಡೆ ಒಂದು ಉಳ್ಳಾಗಡ್ಡಿ ಚೂರು, "ಇದು ಅರ್ಕಾವತ್ತು. ನಾವು ಕೇಸಿನಿಂದ ತಗದು ಕೂಡಸೋವಾಗ ಅಕ್ಷರ, ಅದರ ಗುಣಿತ, ಅದರ ಒತ್ತು ಎಲ್ಲಾ ಮುಗದ ಮ್ಯಾಲೆ ಕಡಿಗೆ ಇದನ್ನ ಹಚ್ಚತಿದ್ವಿ. ಬಾಯಿ ಅದನ್ನ ಮೊದಲ ಅಂತೈತಿ, ಕೈ ಕಡಿಗೆ ಇಡತೈತಿ. ನಿನ್ನ ಮಷೀನು ಅದನ್ನ ಹೊತ್ತುಕೊಂಡು ಹಿಂದ ಹೊಂಟಾಗ ಒಂದ ಮೊಳಿ ದಾಟಿ ನಿಂತೈತಿ. ಪೂರಾ ಅಕ್ಷರ ದಾಟಬೇಕು."

ಅಷ್ಟ. ಹಳೇ ಫಾಂಟಿನವರು ಮೊಳಿ ಜೋಡಿಸೋ ಕ್ರಮನ ಕಂಪ್ಯೂಟರಿಗೆ ಇಳಿಸಿದ್ರು, ಯೂನಿಕೋಡಿನವರು ಬಾಯಿ ಅನ್ನೋ ಕ್ರಮ ಹಿಡಿದ್ರು. ನಾನು ಕೆಟ್ಟ ಫಲ ತಿದ್ದಾಕ ಹೊಂಟಿದ್ದೆ, ಬೀಜಕ್ಕ ಹೋಗಬೇಕಿತ್ತು. ಪರಿವರ್ತಿಸಿದ್ದನ್ನ ಎಲ್ಲಾ ಬಿಸಾಕಿ ಮೊದಲನೇ ವರ್ಷದ ಮೂಲ ನುಡಿ ಫೈಲ್ ಹುಡುಕಿದೆ (ಎರಡು ಕತಿ ಹಳೇ ಪೆನ್ ಡ್ರೈವಿನ್ಯಾಗ ಇದ್ವು, ಕುಷ್ಟಗಿಯಿಂದ ತರಿಸಿದೆ), ಅರ್ಕಾವತ್ತು ಸಿಕ್ಕ ಕೂಡ್ಲೆ ಹಿಂದ ಹೋಗು, ಸ್ವರ ಚಿಹ್ನಿ ದಾಟು, ವ್ಯಂಜನ ದಾಟು, ಅದರ ಹಿಂದ ಹಲಂತ (ಒತ್ತು ಕೂಡಿಸೋ ಗುರುತು) ಇದ್ರ ಅದನ್ನೂ ಅದರ ವ್ಯಂಜನಾನೂ ದಾಟು, ಇಲ್ಲದಿದ್ರ ನಿಲ್ಲು, ಅಲ್ಲಿ ರ್ ಇಡು ಅಂತ ಬರದೆ. ಒಂಬತ್ತು ಸಾಲಿನ ಕೋಡು. ಅದ ಕೋಡು ಕನಾ೯ಟಕಕ್ಕೂ ನಡೀತು, ಯಾಕಂದ್ರ ಒಂಬತ್ತು ಹಾಕಿದವರೂ ಕಣ್ಣಿಗೆ ಕಂಡ ಕ್ರಮದಾಗ ಹಾಕಿರ್ತಾರ. ಸ್ವಾತಂತ್ರ್ಯಕ್ಕ ಯಾರೂ ಕೈ ಹಚ್ಚಲಿಲ್ಲ. ಬರೇ ಒಂದು ಕಡೆ ಚಾಕ್ಕ ಒಂಬತ್ತು ರೂಪಾಯಿ ಅಂತ "ಚಾ ರೂ೯" ಇದ್ದದ್ದು "ಚಾ ರ್ರೂ" ಆತು, ಅದನ್ನ ಸಿರುಗುಪ್ಪದ ನರ್ಸಕ್ಕ ಹಿಡಿದ್ರು. ಬದಲಾದ ಪದಗಳ ಪಟ್ಟಿ ತಗದು, ಒಟ್ಟು 412, ಹನ್ನೊಂದು ಮಂದಿಗೆ ಹಂಚಿದ್ದೆ, ಅಕ್ಕ ನೈಟ್ ಡ್ಯೂಟಿಯಾಗ ತನ್ನ ಪಾಲು ಮುಗಿಸಿ ನನ್ನ ಪಾಲೂ ಅರ್ಧ ನೋಡಿದ್ರು.

ಈ ಕೂಟ ಇಲ್ಲದಿದ್ರ ಹಾಳಿ ಮೂರನೇ ತಿಂಗಳಿಗೆ ನಿಲ್ತಿತ್ತು. ಒಬ್ಬರ ರೊಕ್ಕ, ಒಬ್ಬರ ಮಾಳಿಗಿ, ಒಬ್ಬರ ಕಿವಿ, ಒಬ್ಬರ ಹಳೇ ಪೆನ್ ಡ್ರೈವು.

ಕಾಗದದ ಸಿಟ್ಟು ಹೇಳಲೇಬೇಕು. ತುಸು ಹಳದಿ ಛಾಯೆಯ 80 ಜಿಎಸ್‌ಎಂ ತೂಕದ ಹಾಳಿ ಹೇಳಿದ್ದೆ, ಸ್ಯಾಂಪಲ್ ಮುಟ್ಟಿ ನೋಡಿ ಮುಂಗಡ ಕೊಟ್ಟಿದ್ದೆ, ಬಂದದ್ದು 70ರ ಬೆಳ್ಳನ ಹಾಳಿ. ಹಿಂದಿನ ಪುಟದ ಅಕ್ಷರ ಮುಂದ ಇಣುಕತಾವು. "ಓದಾಕ ಬರ್ತೈತಲ್ರಿ, ಮತ್ತೇನು" ಅಂದ್ರು ಕಾಗದ ಕೊಟ್ಟವರು. ವಾಪಸ್ ಕಳಿಸೀನಿ, ಎಂಟು ದಿನ ಹೋತು. ಅದಕ್ಕಿಂತ ದೊಡ್ಡ ಸಿಟ್ಟು ಮೊದಲು ಪುಟ ಕಟ್ಟಾಕ ಕೊಟ್ಟಿದ್ದ ಕಡೆದು. ಅವರು ಕೇಳದ "ಬಂದಾನ" ಅನ್ನೋದನ್ನೆಲ್ಲಾ "ಬಂದಿದ್ದಾನೆ" ಮಾಡಿದ್ರು, "ಹೊಂಟಾಳ" ಹೋಗಿ "ಹೊರಟಿದ್ದಾಳೆ" ಆತು. ತಪ್ಪು ತಿದ್ದೀವಿ ಅಂತ ಖುಷಿಯಿಂದ ಹೇಳಿದ್ರು. ಕುಕನೂರಿನ ಮುದುಕಿ ಹೊಲದಾಗ ನಿಂತು "ಹೊರಟಿದ್ದಾಳೆ" ಅಂತಾಳೇನ್ರಿ? ನಮ್ಮ ಮಾತು ತಪ್ಪಲ್ಲ. ಫೈಲ್ ವಾಪಸ್ ತಂದು ಸ್ಕ್ರೈಬಸ್ ಅನ್ನೋ ಪುಟ ಕಟ್ಟೋ ಸಾಫ್ಟ್‌ವೇರಿನ್ಯಾಗ ನಾವ ಕಟ್ಟಿದ್ವಿ, 1.5.3ನೇ ಆವೃತ್ತಿಯಿಂದ ಅದಕ್ಕ ಕನ್ನಡದ ಒತ್ತು ಸರಿಯಾಗಿ ಕೂಡಸಾಕ ಬರ್ತೈತಿ, ಪಿಡಿಎಫ್ ಸೀದಾ ಅಚ್ಚಿಗೆ.

ಇದರ ನಡುವ ಮುಂದಿನ ಹುಚ್ಚು ಹತ್ತೈತಿ, ಇಲ್ಲೇ ಹೇಳಿಬಿಡ್ತೀನಿ. ಪೋಸ್ಟ್ ಕಾರ್ಡ್ ಕತಿ. ಐವತ್ತು ಪೈಸೆದ ಕಾರ್ಡು, ವಿಳಾಸದ ಕಡೆ ಅರ್ಧ, ಹಿಂದ ಪೂರ್ತಿ, ಕೈಯಿಂದ ಬರದ್ರ ತೊಂಬತ್ತು ಪದ ಹಿಡೀತಾವು, ಎಣಿಸಿ ನೋಡೀನಿ. ಮೂಲ್ಯಾಗ ಕಿನ್ನಾಳದ ಗೊಂಬಿ ಗೀಟಿನ ಸಣ್ಣ ಚಿತ್ರ ಒತ್ತಬೇಕು ಅಂತ ಆಸೆ, ಕಿನ್ನಾಳದಾಗ ಗೊಂಬಿ ಮಾಡೋರೊಬ್ರು ಮರದ ಅಚ್ಚು ಕೆತ್ತಿ ಕೊಡ್ತೀನಿ ಅಂದಾರ, ಗೊಂಬಿಗೆ ಹಚ್ಚೋ ಹುಣಸಿ ಬೀಜದ ಅಂಟಿನ ವಾಸನಿ ಕಾರ್ಡಿಗೂ ಬರ್ತೈತೇನೋ ನೋಡೋಣು. ತೊಂಬತ್ತು ಪದದಾಗ ಒಂದು ಸಾವು ಹೇಳಬಹುದು, ಒಂದು ಮದುವಿ ಹೇಳಾಕ ಆಗಂಗಿಲ್ಲ, ಇದು ನಾಕು ಕಾರ್ಡ್ ಬರದು ಕಂಡಿದ್ದು. ಕೈಬರಹ, ಅಲ್ಲಿ ಅರ್ಕಾವತ್ತು ತನ್ನಷ್ಟಕ್ಕ ತಾನು ಇರ್ತೈತಿ.

ಮೊನ್ನೆ ಭಾನುವಾರ ಕಡೇ ಪ್ರೂಫು ಓದಿದ್ವಿ. ಗಂಗಾವತಿ ಮಾಸ್ತರನ್ನ ಕರಕೊಂಡು ಬಂದಿದ್ವಿ, ಮೊದಲನೇ ಸಲ ಮಾಳಿಗಿ ಹತ್ತಿದ್ರು. ಫೋನು ನಡುವ ಇಟ್ಟು ಅದು ಓದೋದು, ನಾವು ಹಾಳಿ ಮ್ಯಾಲೆ ಬೆರಳಿಟ್ಟು ನೋಡೋದು. 62 ಪುಟ ತೊಡರಿಲ್ಲದ ಹೋತು. 63ರಾಗ ಫೋನು "ವಾರ್ಡ್ ನ ಸೊನ್ನೆ ನಾಲ್ಕು" ಅಂತು. ಮಾಸ್ತರು ಕೈ ಎತ್ತಿದ್ರು, ಅದ ಹೊತ್ತಿಗೆ ಬಳ್ಳಾರಿ ಹಿರೇರ ಬೆರಳೂ ಅಲ್ಲೇ ನಿಂತಿತ್ತು, "ಈ ಚುಕ್ಕಿ ಕೂದಲೆಳಿಯಷ್ಟು ದಪ್ಪ ಐತಿ" ಅಂದ್ರು. ನಂ೪ ಇರಬೇಕಾದಲ್ಲಿ ನ೦೪. ಹಿಂದ ಅಕ್ಷರ, ಮುಂದ ಅಂಕಿ. ಲಾರಿ ನಂಬರ್ ಉಳಿಸಾಕ ನಾನ ಹಾಕಿದ್ದ ಕೊಂಡಿ ಇದನ್ನ ಕಾಪಾಡಿಕೊಂಡು ಬಂದಿತ್ತು, ಬದಲಾಗದ ಪದ ಆಗಿದ್ದಕ್ಕ 412ರ ಪಟ್ಟಿಗೂ ಬಂದಿರಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತಗದು ಕೈಯಿಂದ ತಿದ್ದಿದೆ, ಅಕ್ಷರ-ಸೊನ್ನಿ-ಅಂಕಿ ಇದ್ದದ್ದೆಲ್ಲಾ ಹುಡುಕಿದ್ರ ಇನ್ನೊಂದ ಸಿಕ್ತು, ಅದು ಲಾರಿ. ಮುಂದಿನ 33 ಪುಟ ಫೋನು ಒಮ್ಮೆನೂ ಎಣಿಸಲಿಲ್ಲ. ಸಂಜಿ ಆರಕ್ಕ ಫೈಲ್ ಕಳಿಸಿ, ಮಾಸ್ತರನ್ನ ಗಂಗಾವತಿ ಬಸ್ಸಿಗೆ ಹತ್ತಿಸಿ ಬಂದೆ.