ಅರ್ಧ ಹಾಜರಿ

ಅಜ್ಜಿ ನನ್ನ ಹಣೆಗೆ ಶಿಲುಬೆಯ ಗುರುತು ಹಾಕಿದರೆ ಕಾಫಿ ಹಣ್ಣಿನ ವಾಸನೆ ಬರುತ್ತಿತ್ತು. ಕಾಫಿ ಪುಡಿಯ ಘಮ ಅಲ್ಲ, ಅದೇ ಬೇರೆ. ಇದು ಹಸಿ ಹಣ್ಣಿನ ಸಿಪ್ಪೆಯ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಬೆರಳಿಗೆಲ್ಲ ಅಂಟು. ಕೊಯ್ಲು ಶುರುವಾದರೆ ಮುಗಿಯುವ ತನಕ, ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಕೈಯಿಂದ ಅದು ಹೋಗುತ್ತಿರಲಿಲ್ಲ. ಉಗುರಿನ ಸಂದಿಯೆಲ್ಲ ಕಪ್ಪು. ಅದೇ ಕೈಯಲ್ಲಿ ಜಪಸರ ಹಿಡಿಯುತ್ತಿದ್ದರು. ಹಾಗಾಗಿ ಅದರ ಮರದ ಮಣಿಗಳೂ ಕಪ್ಪಾಗಿದ್ದವು. ಅಜ್ಜಿ ತೀರಿಕೊಂಡ ಮೇಲೆ ಆ ಜಪಸರ ನನ್ನ ಪಾಲಿಗೆ ಬಂತು. ಈಗಲೂ ಮೂಗಿನ ಹತ್ತಿರ ತಂದರೆ ವಾಸನೆ ಬರುತ್ತದೆ. ಮನೆಯವರು ಅದು ನಿಮ್ಮ ಭ್ರಮೆ ಅನ್ನುತ್ತಾರೆ. ಇರಲಿ ಬಿಡಿ.

ಇದೆಲ್ಲ ಒಟ್ಟಿಗೆ ನುಗ್ಗಿ ಬಂದಿದ್ದು ಕ್ರಿಸ್ತರಾಜರ ಹಬ್ಬದ ದಿನ, ಚಿಕ್ಕಮಗಳೂರಿನಲ್ಲಿ ಪೂಜೆಗೆ ಕೂತಿದ್ದಾಗ. 2025ರ ನವೆಂಬರ್ 23. ಈ ಹಬ್ಬಕ್ಕೆ ಆ ವರ್ಷ ಸರಿಯಾಗಿ ನೂರು ತುಂಬಿತ್ತು. ಪೋಪ್ ಹನ್ನೊಂದನೇ ಪಯಸ್ ಇದನ್ನು ಸ್ಥಾಪಿಸಿದ್ದು 1925ರಲ್ಲಿ. ಮೊದಲ ಮಹಾಯುದ್ಧದಲ್ಲಿ ದೊಡ್ಡ ದೊಡ್ಡ ಕಿರೀಟಗಳು ಉರುಳಿದ್ದವು. ಇಟಲಿಯಲ್ಲಿ ಮುಸೊಲಿನಿ ಏರುತ್ತಿದ್ದ. ಆ ಹೊತ್ತಿನಲ್ಲಿ, ನಮಗೆ ರಾಜ ಬೇರೆಯೇ ಇದ್ದಾನೆ ಅಂತ ನೆನಪಿಸುವ ಹಬ್ಬ.

ರಾಜನ ಹಬ್ಬ ಅಂದರೆ ಸಿಂಹಾಸನದ ಕಥೆ ಓದುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ಅವತ್ತು ಓದಿದ್ದು ಲೂಕರ ಶುಭಸಂದೇಶದ 23ನೇ ಅಧ್ಯಾಯ. ಶಿಲುಬೆ. ಪಕ್ಕದಲ್ಲಿ ಕಳ್ಳ. ನೀವು ನಿಮ್ಮ ರಾಜ್ಯಕ್ಕೆ ಬರುವಾಗ ನನ್ನನ್ನು ನೆನೆಸಿಕೊಳ್ಳಿ ಅಂತ ಅವನು ಬೇಡುತ್ತಾನೆ. ಯೇಸು 'ನೋಡೋಣ' ಅನ್ನಲಿಲ್ಲ. ಇವತ್ತೇ ಅಂದರು. ಫಾದರ್ ಪ್ರಬೋಧನೆಯಲ್ಲಿ ಜಾಸ್ತಿ ಮಾತಾಡಲಿಲ್ಲ. ಯೇಸು ಹೇಳಿದ ಕಥೆಯಲ್ಲಿ ದ್ರಾಕ್ಷಿತೋಟಕ್ಕೆ ಸಂಜೆ ಐದು ಗಂಟೆಗೆ ಕೆಲಸಕ್ಕೆ ಬಂದು, ಬೆಳಿಗ್ಗೆ ಬಂದವರಷ್ಟೇ ಪೂರ್ತಿ ಕೂಲಿ ತಗೊಂಡವನು ಈ ಕಳ್ಳನೇ ಅಂದುಕೊಳ್ಳಿ ಅಂದರು, ಅಷ್ಟೆ.

ನನಗೆ ಶುಕ್ರವಾರದ ಹಾಜರಿ ಪುಸ್ತಕ ಕಣ್ಣ ಮುಂದೆ ಬಂತು.

ಆಲ್ದೂರಿನ ಹತ್ತಿರ ನಮಗೊಂದು ಚಿಕ್ಕ ಕಾಫಿ ತೋಟ ಇದೆ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ಕೂಡಿಟ್ಟ ದುಡ್ಡಿನದು. ಆ ವಾರ ಅರೇಬಿಕಾ ಫ್ಲೈ ಪಿಕ್ಕಿಂಗ್, ಅಂದರೆ ಮೊದಮೊದಲು ಮಾಗಿದ ಹಣ್ಣಷ್ಟೇ ಕುಯ್ಯುವ ಕೆಲಸ, ನಡೀತಿತ್ತು. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು. ಕೆಜಿ ಲೆಕ್ಕ ಹಾಕಿದರೆ ಯಾರಿಗೂ ಕೂಲಿ ಗಿಟ್ಟುವುದಿಲ್ಲ. ಅದಕ್ಕೆ ದಿನದ ಹಾಜರಿ. ಒಬ್ಬ ಹೆಣ್ಣುಮಗಳು ಹನ್ನೊಂದು ಗಂಟೆಗೆ ಓಡುತ್ತಾ ಬಂದಳು. ಮಗುವಿಗೆ ಜ್ವರ, ಡಾಕ್ಟರ ಹತ್ತಿರ ಹೋಗಿದ್ದೆ ಅಂದಳು. ನಾನು ಪೆನ್ನು ತೆಗೆದು ಅರ್ಧ ಹಾಜರಿ ಹಾಕಿದೆ. ಅವಳು 'ಹ್ಞೂಂ ಅಣ್ಣಾ' ಅಂದು ಬುಟ್ಟಿ ಕಟ್ಟಿಕೊಂಡಳು. ತಪ್ಪೇನಿಲ್ಲ, ಎಲ್ಲ ತೋಟದಲ್ಲೂ ನಡೆಯುವುದೇ. ನನಗೂ ಆಗ ಏನೂ ಅನಿಸಲಿಲ್ಲ. ಅದೇ ಈಗ ಚುಚ್ಚುತ್ತಿರುವುದು.

ಅಜ್ಜಿ ಎಸ್ಟೇಟಿನ ಲೈನ್ ಮನೆಯಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಇದ್ದವರು. ಹಣ್ಣು ಕುಯ್ದೇ ಮಕ್ಕಳನ್ನು ಸಾಕಿದವರು. ಸಂಜೆ ಕಣದ ಹತ್ತಿರ ತೂಕಕ್ಕೆ ಸಾಲು ನಿಲ್ಲುತ್ತಿದ್ದರು. ನಾನು ಸೀರೆ ಸೆರಗು ಹಿಡಿದು ಪಕ್ಕದಲ್ಲಿ. ಅಜ್ಜಿ ಯಾವಾಗಲೂ ಒಬ್ಬ ಮುದುಕಿಯ ಹಿಂದೆಯೇ ನಿಲ್ಲುತ್ತಿದ್ದರು. ಆ ಮುದುಕಿಗೆ ಕಣ್ಣು ಮಂಜು. ಕೈ ನಿಧಾನ. ಸಾಲು ಮುಂದೆ ಸರಿಯುವಾಗ ಅಜ್ಜಿ ತಮ್ಮ ಚೀಲದಿಂದ ಎರಡು ಬೊಗಸೆ, ಮೂರು ಬೊಗಸೆ ತೆಗೆದು ಸದ್ದಿಲ್ಲದೆ ಅವರ ಚೀಲಕ್ಕೆ ಹಾಕುತ್ತಿದ್ದರು. ನಮ್ಮದು ಕಮ್ಮಿಯಾಗುತ್ತಲ್ಲ ಅಂತ ನನಗೆ ಹೊಟ್ಟೆ ಉರಿ. ಒಂದು ದಿನ ಜೋರಾಗಿ ಕೇಳಿಯೇಬಿಟ್ಟೆ, ಯಾಕಜ್ಜಿ ಹಾಕ್ತೀಯ ಅಂತ. ವೇದವಾಕ್ಯ ಏನಾದರೂ ಹೇಳುತ್ತಾರೇನೋ ಅಂದುಕೊಂಡಿದ್ದೆ. ಅಜ್ಜಿ ತೊಡೆ ಚಿವುಟಿ, 'ಸುಮ್ನಿರು ಮಗಾ, ರೈಟ್ರಿಗೆ ಕೇಳಿಸುತ್ತೆ' ಅಂದರು!

ರಾತ್ರಿ ದೀಪದ ಮುಂದೆ ಜಪ. ಅಜ್ಜಿ ಪ್ರಾರ್ಥನೆಗಳನ್ನೆಲ್ಲ ಗಡಗಡ ಹೇಳುವವರು. ದಣಿದಿರುತ್ತಿದ್ದರು, ಪಾಪ. ಆದರೆ 'ನಿಮ್ಮ ರಾಜ್ಯ ಬರಲಿ' ಅನ್ನುವಲ್ಲಿ ಮಾತ್ರ ನಿಧಾನವಾಗುತ್ತಿದ್ದರು. ಬಸ್ಸು ತಿರುವಿನಲ್ಲಿ ಗೇರು ಇಳಿಸಿದ ಹಾಗೆ. ನನಗೆ ನಿದ್ದೆ ತೂಗುತ್ತಿದ್ದರೂ ಅಲ್ಲಿ ಎಚ್ಚರ ಆಗುತ್ತಿತ್ತು. ನಾವೀಗ ಅದೇ ಪ್ರಾರ್ಥನೆಯನ್ನು ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಮುಗಿಸುತ್ತೇವೆ. ಅದೂ ಭಾನುವಾರ ಮಾತ್ರ. ಸಂಜೆ ಏಳಕ್ಕೆ ಲೈನಿನ ಮನೆಮನೆಯಿಂದ ಜಪದ ದನಿ ಕೇಳುತ್ತಿದ್ದ ಕಾಲ ಹೋಯಿತು. ನಮ್ಮ ಮನೆಯಲ್ಲೇ ಆ ಹೊತ್ತಿಗೆ ನಾಲ್ಕು ಜನ, ನಾಲ್ಕು ಮೊಬೈಲು. ಬೇರೆಯವರನ್ನು ಏನಂತ ಹೇಳಲಿ?

ಅಜ್ಜಿಯ ತವರು ಹಾಸನದ ಕಡೆ, ಗೊರೂರಿನ ಹತ್ತಿರ. ಶೆಟ್ಟಿಹಳ್ಳಿಯ ಜಪಸರ ಮಾತೆಯ ಚರ್ಚು ಗೊತ್ತಲ್ಲ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಹೇಮಾವತಿಗೆ ಅಣೆಕಟ್ಟೆಯಾದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಈಗ ಅಲ್ಲಿಗೆ ಹೋಗುವವರೆಲ್ಲ ಫೋಟೋಗೆ. ಮದುವೆಗೆ ಮುಂಚಿನ ಫೋಟೋ ಅಂತೆ. ಒಂದು ಪ್ರಾರ್ಥನೆ ಹೇಳಿ ಹೋಗಬಾರದಾ ಅನಿಸುತ್ತದೆ. ನಾವು ಅಜ್ಜಿಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆವು. ಅವರು ಕಮಾನು, ಗೋಡೆ ಯಾವುದನ್ನೂ ನೋಡಲಿಲ್ಲ. ನೀರಿನ ಕಡೆ ಕೈ ತೋರಿಸಿ, ಅಲ್ಲಿ ಇಂಥವರ ಮನೆ ಇತ್ತು, ಆಚೆ ಇಂಥವರದು, ಬಾಣಂತನಕ್ಕೆ ಅಕ್ಕಿ ಕೊಟ್ಟಿದ್ದು ಅವರೇ ಅಂತ ಹೆಸರು ಹೇಳುತ್ತಾ ಹೋದರು. ದೇವರ ರಾಜ್ಯ ಇಲ್ಲಿದೆ, ಅಲ್ಲಿದೆ ಅಂತ ಬೆರಳು ತೋರಿಸಲು ಆಗುವುದಿಲ್ಲ ಎಂದು ಯೇಸು ಹೇಳಿದ್ದು ನನಗೆ ಗೊತ್ತು. ಆದರೆ ಅವತ್ತು ಅಜ್ಜಿ ತೋರಿಸಿದ್ದು ಹೆಚ್ಚುಕಡಿಮೆ ಅದನ್ನೇ.

ಮಾರ್ಕರ ಶುಭಸಂದೇಶದಲ್ಲಿ ಒಂದು ಪುಟ್ಟ ಸಾಮತಿ, ಅಂದರೆ ನೀತಿಕಥೆ, ಇದೆ. ರೈತ ಬೀಜ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೀಜ ಅವನಿಗೇ ತಿಳಿಯದ ಹಾಗೆ ಬೆಳೆಯುತ್ತದೆ. ದೇವರ ರಾಜ್ಯ ಹಾಗೆ ಅಂತೆ. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚಿನಲ್ಲೋ ಏಪ್ರಿಲ್‌ನಲ್ಲೋ ಹೂಮಳೆಗೆ ಮೋಡ ನೋಡುತ್ತಾ ಕೂತಿರುತ್ತೇವೆ. ಒಂದು ಇಂಚು ಬಿದ್ದರೆ ಸಾಕು. ಎಂಟೋ ಹತ್ತೋ ದಿನಕ್ಕೆ, ಬೆಳಿಗ್ಗೆ ಎದ್ದರೆ ತೋಟವೆಲ್ಲ ಬೆಳ್ಳಗೆ. ನಾನು ಅರ್ಧ ಹಾಜರಿ ಹಾಕಿದ ದಿನ ಕುಯ್ದ ಹಣ್ಣು ಆ ಮಳೆಯದು. ಆ ಮಳೆಗೆ ನಾನು ಎಷ್ಟು ಗಂಟೆ ಕೆಲಸ ಮಾಡಿದ್ದೆ?

ಪೂಜೆ ಮುಗಿದ ಮೇಲೆ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯ ಮೆರವಣಿಗೆ ಹೊರಟಿತು. ಮಕ್ಕಳು ಹೂ ಚೆಲ್ಲುತ್ತಾ ಮುಂದೆ ಹೋಗುತ್ತಿದ್ದರು. ನಾನು ಜೇಬಿನಲ್ಲಿ ಆ ಕಪ್ಪು ಮಣಿ ಉರುಳಿಸುತ್ತಾ ನಡೆದೆ. ಬೆರಳನ್ನು ಎರಡು ಸಲ ಮೂಗಿನ ಹತ್ತಿರ ತಂದೆ. ಪಕ್ಕದವರು ನೆಗಡಿಯಾ ಅಂತ ಕೇಳಿದರು.

ಶನಿವಾರ ಬಟವಾಡೆ. ಅವಳಿಗೆ ಆ ಶುಕ್ರವಾರದ್ದೂ ಪೂರ್ತಿ ಹಾಜರಿ ಸೇರಿಸಿ ಕೊಟ್ಟೆ. ಅವಳು ಎಣಿಸಿ, ಜಾಸ್ತಿ ಇದೆ ಅಣ್ಣಾ ಅಂತ ವಾಪಸು ಚಾಚಿದಳು. ಇರಲಿ ಅಂದೆ. ಹಿಂದೆ ನಿಂತವರು ಬಿಡುತ್ತಾರಾ? ನಾವು ಎಂಟು ಗಂಟೆಗೇ ಬಂದಿದ್ವಲ್ಲಣ್ಣಾ, ಮಂಜಲ್ಲಿ ನೆನ್ಕೊಂಡು ಕುಯ್ದಿದ್ವಿ, ನಮಗೂ ಅಷ್ಟೇ, ಅವಳಿಗೂ ಅಷ್ಟೇನಾ ಅಂದರು. ಅಕ್ಷರಕ್ಷರ ಮತ್ತಾಯ 20ನೇ ಅಧ್ಯಾಯ, ಅದೇ ದ್ರಾಕ್ಷಿತೋಟದ ಕಥೆ! ಆ ಯಜಮಾನ ಎಷ್ಟು ಚೆನ್ನಾಗಿ ಉತ್ತರ ಕೊಡುತ್ತಾನೆ. ನನಗೆ ಬಾಯಿ ಬರಲಿಲ್ಲ. ಲೆಕ್ಕ ತಪ್ಪು ಬರೆದಿದ್ದೆ ಅಂದೆ. ಅದು ಸುಳ್ಳೋ ನಿಜವೋ, ಪಾಪನಿವೇದನೆಯಲ್ಲಿ ಫಾದರನ್ನೇ ಕೇಳಬೇಕು.

'ಹಂಗಾದ್ರೆ ಸೋಮವಾರ ನಾವೂ ಹನ್ನೊಂದಕ್ಕೇ ಬರ್ತೀವಿ' ಅಂತ ಒಬ್ಬಳು ನಕ್ಕಳು.

ಸೋಮವಾರ ಎಲ್ಲರೂ ಎಂಟಕ್ಕೇ ಬಂದಿದ್ದರು. ಅವಳೂ ಬಂದಿದ್ದಳು, ಮಗುವನ್ನು ಎತ್ತಿಕೊಂಡು.