ಈ ಸೆಕೆಗೆ ರೈಡಿಂಗ್ ಜಾಕೆಟ್ ಹಾಕಲಿಕ್ಕೆ ಆಗ್ತದಾ?

ಮಂಜೇಶ್ವರ, ಉಪ್ಪಳದಿಂದ ದಿನಾ ಬೈಕಿನಲ್ಲಿ ಮಂಗಳೂರಿಗೆ ಹೋಗಿ ಬರುವವರು, ಬದಿಯಡ್ಕ, ಮುಳ್ಳೇರಿಯದಿಂದ ಕಾಸರಗೋಡು ಪೇಟೆಗೆ ಇಳಿಯುವವರು, ರಜೆಯಲ್ಲಿ ಪಾಣತ್ತೂರು ದಾರಿಯಾಗಿ ಭಾಗಮಂಡಲಕ್ಕೆ ಹೊರಡುವವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಈ ಸೆಕೆಯಲ್ಲಿ ಆ ದಪ್ಪ ಜಾಕೆಟ್ ಹಾಕ್ಲಿಕ್ಕೆ ಆಗ್ತದಾ? ತೆಳ್ಳಗಿನದ್ದು ತೆಗೊಂಡ್ರೆ ಬಿದ್ದಾಗ ಅದರಿಂದ ಪ್ರಯೋಜನ ಉಂಟಾ?"

ಹಾಕಲಿಕ್ಕೆ ಆಗುತ್ತದೆ, ಪ್ರಯೋಜನವೂ ಉಂಟು. ಆದರೆ ದಪ್ಪವೋ ತೆಳ್ಳಗೋ ಎಂದು ಹುಡುಕುತ್ತಾ ಹೋದರೆ ಸರಿಯಾದದ್ದು ಸಿಗುವುದಿಲ್ಲ. ಬಟ್ಟೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಜಾಲರಿಯಾಗಿದೆ ಎಂಬುದನ್ನು ನೋಡಬೇಕು.

ಬೈಕಿನಿಂದ ಬಿದ್ದಾಗ ಹೆಚ್ಚಾಗಿ ನೆಲಕ್ಕೆ ಬಡಿಯುವುದು ಅಂಗೈ, ಮೊಣಕೈ, ಭುಜ, ಸೊಂಟದ ಬದಿ, ಮೊಣಕಾಲು, ಪಾದದ ಗಂಟು. ಎದೆ, ಹೊಟ್ಟೆ, ಕಂಕುಳು, ತೊಡೆಯ ಒಳಬದಿ ಡಾಂಬರಿಗೆ ಉಜ್ಜುವುದು ಕಡಿಮೆ. ಗಾಳಿ ಬೇಕಾಗುವುದು ಈ ಎರಡನೆಯ ಜಾಗಗಳಿಗೇ. ಹಾಗಾಗಿ ಆರಾಮ ಬೇಕಾದರೆ ರಕ್ಷಣೆ ಬಿಡಬೇಕು ಎಂಬ ಮಾತು ಬಹುಮಟ್ಟಿಗೆ ತಪ್ಪು. ಎದೆ ಮತ್ತು ಬೆನ್ನಿನ ಮೇಲೆ ಅಗಲವಾದ ಜಾಲರಿ, ಭುಜದಿಂದ ಮುಂಗೈವರೆಗಿನ ಹೊರಬದಿಯಲ್ಲಿ ಒತ್ತಾಗಿ ನೇಯ್ದ ಗಟ್ಟಿ ಬಟ್ಟೆ: ನಮ್ಮ ಕರಾವಳಿಗೆ ಹೊಂದುವ ಜಾಕೆಟ್ ಇದು. ತೋಳು ಪೂರ್ತಿ ಜಾಲರಿಯಾಗಿರುವುದನ್ನು ತೆಗೆದುಕೊಳ್ಳಬೇಡಿ. ಒಳಗಿನ ಆರ್ಮರ್, ಅಂದರೆ ಪೆಟ್ಟು ತಡೆಯಲು ಜೇಬಿನಲ್ಲಿ ಇಡುವ ದಪ್ಪ ತುಂಡು, ಎಷ್ಟೇ ಒಳ್ಳೆಯದಿರಲಿ, ರಸ್ತೆಯಲ್ಲಿ ಉಜ್ಜಿಕೊಂಡು ಹೋಗುವಾಗ ಅದನ್ನು ಹಿಡಿದಿಟ್ಟ ಜಾಲರಿ ಹರಿದರೆ ಆರ್ಮರ್ ಪಕ್ಕಕ್ಕೆ ಸರಿಯುತ್ತದೆ, ಮೂಳೆ ಬರಿದಾಗುತ್ತದೆ.

ಲೇಬಲಿನಲ್ಲಿ 500 ಡೀನಿಯರ್, 600 ಡೀನಿಯರ್ ಎಂದು ಬರೆದಿರುತ್ತದೆ. ಅದು ನೂಲಿನ ತೂಕದ ಅಳತೆ, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಬಟ್ಟೆ ಗಟ್ಟಿ ಎಂದಲ್ಲ. 500ರ ಕಾರ್ಡುರಾ ಎಂಬ ಗಟ್ಟಿ ನೈಲಾನ್ ಸಾಮಾನ್ಯವಾಗಿ 600ರ ಪಾಲಿಯೆಸ್ಟರಿಗಿಂತ ಹೆಚ್ಚು ಉಜ್ಜುವಿಕೆ ತಾಳುತ್ತದೆ. ಹೊಲಿಗೆಯನ್ನೂ ನೋಡಿ. ಭುಜ ಮತ್ತು ಮೊಣಕೈಯ ಹೊರಬದಿಯಲ್ಲಿ ಒಂದೇ ಸಾಲಿನ ಹೊಲಿಗೆ ಇದ್ದರೆ ಬಟ್ಟೆ ಹರಿಯುವ ಮೊದಲೇ ಹೊಲಿಗೆ ಬಿಚ್ಚುತ್ತದೆ. ಎರಡು ಮೂರು ಸಾಲು ಇರಬೇಕು. ಅದರಲ್ಲಿ ಒಂದು ಸಾಲಾದರೂ ಒಳಗೆ ಮಡಿಕೆಯಲ್ಲಿ ಅಡಗಿರಬೇಕು, ಹೊರಗೆ ಕಾಣುವ ನೂಲು ನೆಲಕ್ಕೆ ತಾಗಿದ ಕೂಡಲೇ ಸವೆದುಹೋಗುತ್ತದೆ.

ಇನ್ನು ಸೆಕೆಯ ವಿಷಯ. ಮಾರ್ಚಿನಿಂದ ಮೇವರೆಗೆ ನಮ್ಮಲ್ಲಿ ಮಧ್ಯಾಹ್ನದ ಬಿಸಿ 33–35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಷ್ಟವಾಗುವುದು ಗಾಳಿಯ ತೇವದಿಂದ. ಬೆವರು ಇಳಿಯುತ್ತದೆ, ಆದರೆ ಆರುವುದಿಲ್ಲ. ಆರಬೇಕಾದರೆ ಗಾಳಿ ಮೈಗೆ ತಾಗಿ ಹರಿಯುತ್ತಲೇ ಇರಬೇಕು. ಬರೀ ಎದುರಿನ ಜಿಪ್ ವೆಂಟ್ (ಜಿಪ್ ಎಳೆದು ತೆರೆಯುವ ಗಾಳಿಕಿಂಡಿ) ಸಾಲುವುದಿಲ್ಲ, ಹಿಂದೆ ಗಾಳಿ ಹೊರಹೋಗಲು ದಾರಿ ಇಲ್ಲದಿದ್ದರೆ ಜಾಕೆಟ್ ಉಬ್ಬುತ್ತದೆಯೇ ಹೊರತು ತಂಪಾಗುವುದಿಲ್ಲ. ಆದ್ದರಿಂದ ನಾಲ್ಕೈದು ವೆಂಟ್ ಇರುವ ಟೂರಿಂಗ್ ಜಾಕೆಟಿಗಿಂತ ಮೆಶ್ ಜಾಕೆಟ್, ಅಂದರೆ ಜಾಲರಿಯ ಜಾಕೆಟ್, ಇಲ್ಲಿ ಮೇಲು. ಚರ್ಮದ ಜಾಕೆಟ್ ಉಜ್ಜುವಿಕೆಗೆ ಬಹಳ ಒಳ್ಳೆಯದು, ನಿಜ. ಆದರೆ 1.2 ಮಿಲಿಮೀಟರ್ ದಪ್ಪದ ದನದ ಚರ್ಮವನ್ನು ಏಪ್ರಿಲ್ ತಿಂಗಳ ಕುಂಬಳೆಯಲ್ಲಿ ದಿನಾ ಹಾಕುವವರು ಇಲ್ಲ, ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದೂ ಖಂಡಿತ.

ಬಯಲುಸೀಮೆಯ ಲೆಕ್ಕ ಬೇರೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ, ಸೊಲ್ಲಾಪುರದ ಕಡೆ 40 ಡಿಗ್ರಿ ದಾಟಿದ ಮೇಲೆ ಬೀಸುವ ಗಾಳಿ ಮೈಗಿಂತ ಬಿಸಿ. ಅಲ್ಲಿ ಮೆಶ್ ಪೂರ್ತಿ ತೆರೆದಿಟ್ಟರೆ ಬಿಸಿಗಾಳಿಯೇ ಒಳಗೆ ಬಂದು ಮೈಯ ನೀರು ಬೇಗ ಹೋಗುತ್ತದೆ. ಒಳಗಿನ ಅಂಗಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಹಾಕಿಕೊಂಡು, ವೆಂಟ್‌ಗಳನ್ನು ಅರ್ಧ ಮುಚ್ಚಿಕೊಳ್ಳುವುದು ಅಲ್ಲಿನ ಉಪಾಯ. ಗಾಳಿಯಲ್ಲೇ ನೀರು ತುಂಬಿರುವ ನಮ್ಮಲ್ಲಿ ಇದರಿಂದ ಸಿಗುವ ತಂಪು ಕಡಿಮೆ.

ಜಾಕೆಟ್ಟಿನ ಒಳಗೆ ಹತ್ತಿ ಬನಿಯನ್ ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಒದ್ದೆಯಾಗಿ ಮೈಗೆ ಅಂಟುತ್ತದೆ, ಕಂಕುಳಲ್ಲಿ ಉಜ್ಜಿ ಉರಿಯುತ್ತದೆ. ಆಟಗಾರರು ಹಾಕುವಂಥ ತೆಳುವಾದ, ಮೈಗೆ ಹೊಂದುವ, ತುಂಬು ತೋಳಿನ ಅಂಗಿ ಸಾಕು. ಜಾಕೆಟಿನ ಬಗ್ಗೆ ದೂರುವವರಲ್ಲಿ ಅರ್ಧಕ್ಕರ್ಧ ಮಂದಿಯ ತೊಂದರೆ ಈ ಒಂದು ಬದಲಾವಣೆಯಿಂದಲೇ ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಗುಣಮಟ್ಟ ತಿಳಿಯಲು ಲೇಬಲ್ ಓದಲು ಕಲಿಯಬೇಕು. ಯುರೋಪಿನ ಇಎನ್ 17092 ಎಂಬ ಮಾನದಂಡ 2020ರಲ್ಲಿ ಬಂತು. ಇದರಲ್ಲಿ ಎಎಎ, ಎಎ, ಎ ಎಂಬ ಮೂರು ಮುಖ್ಯ ದರ್ಜೆಗಳಿವೆ. ತಿರುಗುವ ಯಂತ್ರಕ್ಕೆ ಬಟ್ಟೆಯ ತುಂಡು ಕಟ್ಟಿ ಕಾಂಕ್ರೀಟಿನ ಮೇಲೆ ಬೀಳಿಸಿ ಉಜ್ಜಿಸುತ್ತಾರೆ. ಭುಜ, ಮೊಣಕೈ, ಮೊಣಕಾಲಿನಂಥ ಹೆಚ್ಚು ಅಪಾಯದ ಜಾಗದ ಬಟ್ಟೆ ಎಎಎ ದರ್ಜೆಗೆ 120 ಕಿಲೋಮೀಟರ್ ವೇಗದಲ್ಲಿ, ಎಎ ದರ್ಜೆಗೆ 70ರಲ್ಲಿ, ಎ ದರ್ಜೆಗೆ 45ರಲ್ಲಿ ತೂತಾಗದೆ ಉಳಿಯಬೇಕು. ಬಿ ದರ್ಜೆಯದ್ದು ಆರ್ಮರ್ ಇಲ್ಲದ ಬಟ್ಟೆ. ಸಿ ದರ್ಜೆಯದ್ದು ಆರ್ಮರನ್ನು ಹಿಡಿದಿಡುವ ಬಲೆ ಮಾತ್ರ, ಅದರ ಮೇಲೆ ಬೇರೆ ಗಟ್ಟಿ ಬಟ್ಟೆ ಬೇಕು. ನನ್ನ ತೀರ್ಮಾನ ಹೀಗೆ: ಪೇಟೆ ಮತ್ತು ಒಳರಸ್ತೆಗೆ ಎ ದರ್ಜೆ ನಡೆಯುತ್ತದೆ. ತಲಪಾಡಿಯಿಂದ ಚೆರ್ಕಳದತ್ತ ಹೋಗುವ ಅಗಲವಾದ 66ನೇ ಹೆದ್ದಾರಿಯಲ್ಲಿ ದಿನಾ ಓಡಾಡುವವರು ಎಎ ದರ್ಜೆಯ ಮೆಶ್ ಹುಡುಕಬೇಕು. ಎಎಎ ದರ್ಜೆಯದ್ದನ್ನು ಕೊಂಡು ಕಪಾಟಿನಲ್ಲಿ ತೂಗುಹಾಕುವುದಕ್ಕಿಂತ ಎ ದರ್ಜೆಯದ್ದನ್ನು ದಿನಾ ಹಾಕುವುದು ಒಳ್ಳೆಯದು.

ಆರ್ಮರಿಗೆ ಬೇರೆಯೇ ಮಾನದಂಡವಿದೆ. ಭುಜ, ಮೊಣಕೈ, ಸೊಂಟ, ಮೊಣಕಾಲಿಗೆ ಇಎನ್ 1621-1. 50 ಜೂಲ್ ಶಕ್ತಿಯ ಹೊಡೆತ ಕೊಟ್ಟಾಗ ಒಳಗೆ ದಾಟುವ ಬಲ ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20 ಮೀರಬಾರದು. ಬೆನ್ನಿಗೆ ಇಎನ್ 1621-2, ಮಿತಿ 18 ಮತ್ತು 9. ಆರ್ಮರ್ ತುಂಡನ್ನು ಜೇಬಿನಿಂದ ಹೊರತೆಗೆದು ನೋಡಿ. ಬೈಕ್ ಸವಾರನ ಚಿಕ್ಕ ಚಿತ್ರ, ಮಾನದಂಡದ ಸಂಖ್ಯೆ, 1 ಅಥವಾ 2 ಎಂಬ ಲೆವೆಲ್ ಅದರ ಮೇಲೆ ಅಚ್ಚಾಗಿರಬೇಕು. ಬರೀ ಸಿಇ ಎಂಬ ಯುರೋಪಿನ ಗುರುತಷ್ಟೇ ಇದ್ದರೆ ಏನೂ ತಿಳಿಯುವುದಿಲ್ಲ. ಬೆನ್ನಿನ ಜೇಬನ್ನಂತೂ ಖಂಡಿತ ತೆರೆದು ನೋಡಿ. ಇಎನ್ 17092 ಪ್ರಕಾರ ಬೆನ್ನಿನ ಆರ್ಮರ್ ಕಡ್ಡಾಯವಲ್ಲ, ಹಾಗಾಗಿ ಎಷ್ಟೋ ಜಾಕೆಟ್‌ಗಳಲ್ಲಿ ಅಲ್ಲಿರುವುದು ಬರೀ ಸ್ಪಂಜಿನ ಹಾಳೆ. ಜೇಬಿನ ಉದ್ದ ಅಗಲ ಅಳೆದುಕೊಂಡು ಲೆವೆಲ್ 2 ತುಂಡನ್ನು ಬೇರೆ ಕೊಳ್ಳಬಹುದು. ತೂತುಗಳಿರುವ ಆರ್ಮರ್ ಸಿಗುತ್ತದೆ, ಸೆಕೆಗೆ ಅದೇ ಸರಿ. ಮೆತ್ತಗಿದ್ದು ಹೊಡೆತಕ್ಕೆ ಗಟ್ಟಿಯಾಗುವ ಬಗೆಯ ಆರ್ಮರ್ ಬಿಸಿಲಿಗೆ ತೀರಾ ಮೆತ್ತಗಾಗುವುದುಂಟು. 40 ಡಿಗ್ರಿಯಲ್ಲೂ ಪರೀಕ್ಷೆಯಾದದ್ದಕ್ಕೆ ಟಿ ಪ್ಲಸ್ ಗುರುತಿರುತ್ತದೆ, ಅದನ್ನು ಹುಡುಕಿ.

ಅಂಗಡಿಯಲ್ಲಿ ಕನ್ನಡಿ ಎದುರು ನಿಂತು ನೋಡಿದರೆ ಸಾಲದು. ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಜತೆಗಿದ್ದವರಿಗೆ ಮೊಣಕೈ ಹತ್ತಿರ ಬಟ್ಟೆ ಹಿಡಿದು ತಿರುಗಿಸಲು ಹೇಳಿ. ಆರ್ಮರ್ ಮೂಳೆ ಬಿಟ್ಟು ಜರುಗಿದರೆ ಸೈಜ್ ದೊಡ್ಡದಾಯಿತು, ಇಲ್ಲವೇ ತೋಳಿನ ಪಟ್ಟಿ ಬಿಗಿ ಮಾಡಬೇಕು. ಸೆಕೆ ಎಂದು ಒಂದು ಸೈಜ್ ದೊಡ್ಡದು ಕೊಳ್ಳುವುದು ನಮ್ಮಲ್ಲಿ ಬಹಳ ಕಾಣುವ ತಪ್ಪು. ಸಡಿಲ ಜಾಕೆಟ್ ಗಾಳಿಗೆ ಪಟಪಟ ಬಡಿಯುತ್ತದೆ, ಕುತ್ತಿಗೆ ದಣಿಯುತ್ತದೆ, ಬಿದ್ದಾಗ ಆರ್ಮರ್ ಎಲ್ಲೋ ಇರುತ್ತದೆ. ಮೊಣಕಾಲಿನ ಆರ್ಮರನ್ನು ಕೂತೇ ನೋಡಬೇಕು. ನಿಂತಾಗ ಸ್ವಲ್ಪ ಕೆಳಗಿದ್ದಂತೆ ಕಂಡರೆ ಕೂತಾಗ ಚಿಪ್ಪಿನ ಮೇಲೆ ಸರಿಯಾಗಿ ಬರುತ್ತದೆ. ಹೆಚ್ಚಿನ ಪ್ಯಾಂಟುಗಳಲ್ಲಿ ಆ ಜೇಬಿನ ಎತ್ತರ ಬದಲಿಸಲು ವೆಲ್ಕ್ರೋ ಇರುತ್ತದೆ.

ಎಲ್ಲರೂ ಮೊದಲು ಕೊಳ್ಳುವುದು ಜಾಕೆಟ್. ಹೆಲ್ಮೆಟ್ ಹೇಗೂ ಇರಲೇಬೇಕು: ಐಎಸ್ 4151 ಎಂಬ ಭಾರತದ ಮಾನದಂಡದ ಐಎಸ್‌ಐ ಗುರುತು, ಗದ್ದ ಮುಚ್ಚುವಂಥದ್ದು. ಅದಾದ ಮೇಲೆ ಗ್ಲೌಸ್, ಶೂ, ಮೊಣಕಾಲಿನ ರಕ್ಷಣೆ, ನಂತರ ಜಾಕೆಟ್ ಎಂಬುದು ನಾನು ಹೇಳುವ ಕ್ರಮ. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೀಡಾದ 212 ಸವಾರರ ಒಂದು ಅಧ್ಯಯನ ಪ್ರಕಟವಾಯಿತು. ರೈಡಿಂಗ್ ಜಾಕೆಟ್, ಪ್ಯಾಂಟ್, ಗ್ಲೌಸ್ ಹಾಕಿದವರು ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಕಡಿಮೆ ಎಂದು ಅದರಲ್ಲಿ ಕಂಡಿತು. ಪ್ಯಾಂಟ್ ಮತ್ತು ಗ್ಲೌಸಿನ ಪ್ರಯೋಜನ ಜಾಕೆಟಿಗಿಂತ ಹೆಚ್ಚೇ ಇತ್ತು. ಜತೆಗೆ, ಕಾಲುಭಾಗಕ್ಕೂ ಹೆಚ್ಚು ಜಾಕೆಟ್, ಪ್ಯಾಂಟ್, ಗ್ಲೌಸುಗಳು ಬಿದ್ದಾಗ ಹರಿದು ಕೈಕೊಟ್ಟಿದ್ದವು. ಲೇಬಲ್ ಓದಿ ಎಂದು ಒತ್ತಿ ಹೇಳುವುದು ಇದಕ್ಕೇ.

ಗ್ಲೌಸಿಗೆ ಮಣಿಕಟ್ಟಿನ ಪಟ್ಟಿ ಮುಖ್ಯ. ಪಟ್ಟಿ ಬಿಗಿದು, ಇನ್ನೊಂದು ಕೈಯಿಂದ ಬೆರಳ ತುದಿ ಹಿಡಿದು ಜೋರಾಗಿ ಎಳೆಯಿರಿ. ಕಳಚಿ ಬಂದರೆ ಬೀಳುವಾಗಲೂ ಕಳಚುತ್ತದೆ. ಅಂಗೈಯ ಬುಡದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಸ್ಲೈಡರ್ ಇರಲಿ. ಬಿದ್ದಾಗ ಕೈ ಊರುವುದು ಸಹಜ. ಬರೀ ಚರ್ಮ ಅಥವಾ ರಬ್ಬರ್ ಡಾಂಬರಿಗೆ ಕಚ್ಚಿಕೊಂಡರೆ ಹೆಬ್ಬೆರಳ ಬುಡದ ಚಿಕ್ಕ ಮೂಳೆ ಮುರಿಯಬಹುದು, ಅದು ಕೂಡಿಬರುವುದು ಬಹಳ ನಿಧಾನ. ಸ್ಲೈಡರ್ ಇದ್ದರೆ ಕೈ ಜಾರುತ್ತದೆ. ಇಎನ್ 13594 ಜತೆಗೆ ಕೆಪಿ ಎಂದಿದ್ದರೆ ಬೆರಳ ಗಂಟಿನ ರಕ್ಷಣೆಯೂ ಪರೀಕ್ಷೆಯಾಗಿದೆ ಎಂದರ್ಥ.

ಶೂ ಪಾದದ ಗಂಟಿನ ಮೇಲೆ ಬರುವಂಥದ್ದಿರಬೇಕು. ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ ನೋಡಿ, ಸುಲಭವಾಗಿ ತಿರುಚಿದರೆ ಅದು ಪಾದವನ್ನು ಕಾಯುವುದಿಲ್ಲ. ತೋಟಕ್ಕೆ ಹಾಕುವ ಗಮ್‌ಬೂಟು ನೀರು ತಡೆಯುತ್ತದೆ ಅಷ್ಟೆ, ಪಾದದ ಗಂಟಿಗೆ ಆಸರೆ ಕೊಡುವುದಿಲ್ಲ. ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿಕೊಳ್ಳಿ, ಗೇರ್ ಲಿವರಿಗೆ ಸುತ್ತಿಕೊಂಡರೆ ನಿಲ್ಲಿಸುವಾಗ ಕಾಲು ನೆಲಕ್ಕೆ ಸಿಗುವುದಿಲ್ಲ.

ಕಚೇರಿಗೆ ಹೋಗುವವರು, ಸೀರೆ ಅಥವಾ ಚೂಡಿದಾರದಲ್ಲಿ ಸ್ಕೂಟರ್ ಓಡಿಸುವವರು ರೈಡಿಂಗ್ ಪ್ಯಾಂಟ್ ಹೇಗೆ ಹಾಕುವುದು ಎಂದು ಕೇಳುತ್ತಾರೆ. ಸೊಂಟದಿಂದ ಪಾದದವರೆಗೆ ಬದಿಯಲ್ಲಿ ಜಿಪ್ ಇರುವ ಮೇಲುಪ್ಯಾಂಟ್ ಸಿಗುತ್ತದೆ, ಶೂ ಕಳಚದೆ ತೆಗೆಯಬಹುದು. ಅದೂ ಆಗದಿದ್ದರೆ ಮೂರು ಪಟ್ಟಿಯ ನೀ ಗಾರ್ಡನ್ನು ಒಳಗೇ ಕಟ್ಟಿಕೊಳ್ಳಿ. ಉಜ್ಜಿದಾಗ ಚರ್ಮ ಹೋಗುವುದನ್ನು ಅದು ಪೂರ್ತಿ ತಡೆಯದು, ಚಿಪ್ಪಿಗೆ ಬೀಳುವ ಪೆಟ್ಟನ್ನು ತಗ್ಗಿಸುತ್ತದೆ. ಶಾಲಿನ ಎರಡೂ ತುದಿ ಜಾಕೆಟಿನೊಳಗೆ ಇರಲಿ. ಹಿಂದೆ ಕೂತವರ ಸೆರಗಿಗೂ ಇದೇ ಮಾತು. ಚೆಂದ ಕಾಣುವುದಿಲ್ಲವೆಂದು ಸೀರೆ ಗಾರ್ಡ್ ಬಿಚ್ಚಿಸಬೇಡಿ.

ಮಳೆಯೇ ನಮ್ಮ ಕಡೆಯ ದೊಡ್ಡ ಪರೀಕ್ಷೆ. ಜಾಕೆಟಿನ ಜತೆ ಬರುವ ವಾಟರ್‌ಪ್ರೂಫ್ ಲೈನರ್ (ನೀರು ತಡೆಯುವ ಪದರ) ಹೆಚ್ಚಾಗಿ ಒಳಗೆ ಸಿಕ್ಕಿಸುವಂಥದ್ದು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಅದು ಸರಿಹೋಗುವುದಿಲ್ಲ. ಹೊರಗಿನ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ಆ ನೀರು ಆರುತ್ತಾ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಪಾಣತ್ತೂರು ದಾಟಿ ಘಟ್ಟ ಹತ್ತುವಾಗ ನಡುಕ ಹುಟ್ಟುತ್ತದೆ. ಸುರಿಯುವ ಮಳೆಯಲ್ಲಿ ರಸ್ತೆ ಬದಿ ನಿಂತು ಜಾಕೆಟ್ ಕಳಚಿ ಲೈನರ್ ಹಾಕುವುದೂ ಆಗದ ಮಾತು. ಹಾಗಾಗಿ ಮೆಶ್ ಜಾಕೆಟಿನ ಮೇಲೆ ಹಾಕುವ ರೈನ್‌ಕೋಟ್ ಬೇರೆಯೇ ಇರಲಿ. ಉಸಿರಾಡುವ ಪದರ ಎಂದು ಹೇಳಿ ದುಬಾರಿ ಬೆಲೆಗೆ ಮಾರುವುದಕ್ಕೆ ಇಲ್ಲಿ ಹೆಚ್ಚು ಹಣ ಸುರಿಯಬೇಡಿ. ಒಳಗಿಗಿಂತ ಹೊರಗೆ ತೇವ ಸಾಕಷ್ಟು ಕಡಿಮೆ ಇದ್ದರೆ ಮಾತ್ರ ಆ ಪದರ ಬೆವರನ್ನು ಹೊರಗೆ ಬಿಡುತ್ತದೆ. ಜುಲೈಯಲ್ಲಿ ನಮ್ಮ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ.

ರೈನ್‌ಕೋಟ್ ಕೊಳ್ಳುವಾಗ ಜಾಕೆಟ್ ಹಾಕಿಕೊಂಡೇ ಅಳತೆ ನೋಡಿ. ಒಳಗಿನ ಹೊಲಿಗೆಗಳ ಮೇಲೆ ಟೇಪ್ ಅಂಟಿಸಿರಬೇಕು. ಮೊದಲು ನೀರು ಸೋರುವುದು ಪ್ಯಾಂಟಿನ ಕವಲಿನಲ್ಲಿ. ಸೀಟಿನ ಮೇಲೆ ನಿಂತ ನೀರು ಕೂತವರ ಭಾರಕ್ಕೆ ಹೊಲಿಗೆಯ ಒಳಗೆ ನುಗ್ಗುತ್ತದೆ, ಅಲ್ಲಿ ಹೊಲಿಗೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಗ್ಲೌಸಿನ ಮೇಲೆ ತೋಳು, ಶೂವಿನ ಮೇಲೆ ಪ್ಯಾಂಟ್ ಬರುವಂತೆ ಹಾಕಿ. ತಿರುಗುಮುರುಗು ಮಾಡಿದರೆ ಶೂ ತುಂಬಾ ನೀರು. ಸೈಲೆನ್ಸರ್ ಕಡೆಯ ಕಾಲಿನ ಪಟ್ಟಿ ಬಿಗಿಯಾಗಿ ಕಟ್ಟದಿದ್ದರೆ ಪ್ಲಾಸ್ಟಿಕ್ ಬಟ್ಟೆ ಕರಗಿ ಅಂಟುತ್ತದೆ. ತಲೆಯ ಮೇಲಿನಿಂದ ಹೊದೆಯುವ ತೋಳಿಲ್ಲದ ಪೊಂಚೋ ಬೈಕಿಗೆ ಬೇಡವೇ ಬೇಡ, ಗಾಳಿಗೆ ಹಾರಿ ಚಕ್ರಕ್ಕೆ ಸಿಗುತ್ತದೆ. ಬಣ್ಣ ಹೊಳೆಯುವ ಹಳದಿ ಅಥವಾ ಕಿತ್ತಳೆ ಇರಲಿ. ಕಪ್ಪು ರೈನ್‌ಕೋಟ್ ಹಾಕಿದ ಕೂಡಲೇ ಜಾಕೆಟಿನ ಮೇಲಿದ್ದ ಪ್ರತಿಫಲಕ ಪಟ್ಟಿಗಳೆಲ್ಲ ಮುಚ್ಚಿಹೋಗುತ್ತವೆ, ಹಿಂದಿನಿಂದ ಬರುವ ಲಾರಿಯವರಿಗೆ ನೀವು ಕಾಣುವುದಿಲ್ಲ.

ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಡಬೇಡಿ. ಒಂದೆರಡು ದಿನದಲ್ಲೇ ಬೂಷ್ಟಿನ ವಾಸನೆ ಹಿಡಿಯುತ್ತದೆ, ಮಡಿಕೆಯಲ್ಲಿ ಟೇಪ್ ಏಳುತ್ತದೆ. ಚಾವಡಿಯಲ್ಲಿ ಗಾಳಿಗೆ ತೂಗುಹಾಕಿ, ಅಡಿಯಿಂದ ಫ್ಯಾನ್ ಬಿಡಿ. ಬೇಸಿಗೆಯಲ್ಲಿ ಬೆವರಿನ ಉಪ್ಪು ಜಾಲರಿಯಲ್ಲಿ ಕೂರುತ್ತದೆ, ಎರಡು ಮೂರು ವಾರಕ್ಕೊಮ್ಮೆಯಾದರೂ ಒಗೆಯಬೇಕು. ಆರ್ಮರ್ ಎಲ್ಲ ಹೊರತೆಗೆದು, ಯಾವುದು ಎಡ, ಯಾವುದು ಬಲ ಎಂದು ಗುರುತು ಮಾಡಿಟ್ಟು, ಜಿಪ್ ಮತ್ತು ವೆಲ್ಕ್ರೋ ಮುಚ್ಚಿ, ತಣ್ಣೀರಲ್ಲಿ ಸೌಮ್ಯ ಸೋಪಿನಿಂದ ಕೈಯಲ್ಲೇ ಒಗೆಯಿರಿ. ಬ್ಲೀಚ್ ಬೇಡ. ಒಣಗಿಸುವುದು ನೆರಳಲ್ಲಿ. ರೈಡಿಂಗ್ ಜೀನ್ಸಿನೊಳಗಿನ ಕೆವ್ಲಾರಿನಂಥ ನೂಲು ಬಿಸಿಲಿಗೂ ಬ್ಲೀಚಿಗೂ ಬಲ ಕಳೆದುಕೊಳ್ಳುತ್ತದೆ.

ಶೂವಿನ ಸೋಲ್ ಪಾಲಿಯುರಿಥೇನಿನದ್ದಾದರೆ ಹಾಕದೆ ಇಟ್ಟರೂ ನಮ್ಮ ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ, ಮೇ ತಿಂಗಳಲ್ಲಿ ಒಮ್ಮೆ ಬಗ್ಗಿಸಿ ಬಿರುಕು ಇದೆಯೇ ನೋಡಿ. ಒಮ್ಮೆ ಜೋರಾಗಿ ಬಿದ್ದ ಜಾಕೆಟಿನ ಹೊಲಿಗೆ ಬಿಚ್ಚಿದ್ದರೆ ಸಾಮಾನ್ಯ ನೂಲಿನಲ್ಲಿ ಹೊಲಿಸಿ ಮತ್ತೆ ಹಾಕಬೇಡಿ. ಬಾಂಡೆಡ್ ನೈಲಾನ್ ಎಂಬ ಗಟ್ಟಿ ನೂಲು ಇರುವ, ಬ್ಯಾಗ್ ಹೊಲಿಯುವ ಟೈಲರ್ ಹತ್ತಿರ ಕೊಡಿ. ಪೆಟ್ಟು ತಿಂದ ಆರ್ಮರ್ ಹೊರಗಿನಿಂದ ಸರಿಯಾಗಿ ಕಂಡರೂ ಬದಲಿಸಿ. ಬೇರೆಯವರು ಹಾಕಿದ ಜಾಕೆಟ್ ಕಡಿಮೆಗೆ ಸಿಕ್ಕಿದರೂ ಆರ್ಮರ್ ಮಾತ್ರ ಹೊಸದೇ ಹಾಕಿಸಿ.